ಸೈರನ್ನಿನ ಬಾಲದಲ್ಲೊಂದು ಕೂಗು

ನಿನ್ನೆ ಮಧ್ಯಾಹ್ನ ನನಗೊಂದು ಸಂದೇಶ ಬಂತು. ಕಳಿಸಿದವನು ಯಾವ ದೇಶದವನೋ ಗೊತ್ತಿಲ್ಲ, ಮುಖದ ಜಾಗದಲ್ಲಿ ತಲೆಬುರುಡೆಯ ಚಿತ್ರ ಹಾಕಿಕೊಂಡಿದ್ದಾನೆ. "ನಿನ್ನ ಪೊಲೀಸ್ ಸೈರನ್ ಬಹಳ ಚೆನ್ನಾಗಿದೆ. ಆದರೆ ಸದ್ದು ಇಳಿದ ಮೇಲೆ, ಕೊಟ್ಟಕೊನೆಗೆ, ಒಬ್ಬ ಹೆಂಗಸು ಏನೋ ಕೂಗಿದ ಹಾಗೆ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಮಾತ್ರ. ಯಾರವಳು? ಏನನ್ನುತ್ತಿದ್ದಾಳೆ?" ಎಂದು ಕೇಳಿದ್ದ.

ಆ ದನಿಯನ್ನು ಒರೆಸಿ ಹಾಕಲು ನಾನು ಹದಿನೈದು ದಿನ ಒದ್ದಾಡಿದ್ದೆ, ಪೂರ್ತಿ ಹೋಯಿತು ಅಂತಲೇ ತಿಳಿದಿದ್ದೆ. ಯಾವುದೋ ದೇಶದಲ್ಲಿ ಕೂತವನ ಕಿವಿ ಅದನ್ನು ಹಿಡಿದುಬಿಟ್ಟಿದೆ. ಉತ್ತರ ಬರೆಯೋಣವೆಂದು ಕೂತೆ, ಎರಡು ಸಾಲಿನಾಚೆ ಬರಲಿಲ್ಲ. ಆ ಕೂಗಿನ ಹಿಂದೆ ಒಂದು ಬೆಳಗಿನ ಕಥೆ ಇದೆ. ಅವನಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ.

ಮೊದಲು ನನ್ನ ಪರಿಚಯ. ಸಿರುಗುಪ್ಪದಲ್ಲಿ ನನ್ನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಜಯಂತಿ, ಪ್ರಚಾರ, ಕಳೆದುಹೋದ ಎಮ್ಮೆ, ಎಲ್ಲದಕ್ಕೂ ಸದ್ದು ಬಾಡಿಗೆಗೆ ಕೊಡುವವನು ನಾನೇ. ತಲೆಯ ಮೇಲೆ ಎರಡು ಹಾರ್ನ್ ಹೊತ್ತ ಒಂದು ಹಳೇ ವ್ಯಾನೂ ಇದೆ. ಹೆಸರು ಎರ್ರಿಸ್ವಾಮಿ. ನಮ್ಮ ಕಡೆ ತೆಲುಗು ಬಾರದವರು ಯಾರೂ ಇಲ್ಲವಾದ್ದರಿಂದ, ಹುಚ್ಚು ಎಂಬ ಅರ್ಥ ಕೊಡುವ ಹೆಸರಿನ ಮೊದಲರ್ಧ ನನಗೆ ಎಷ್ಟು ಒಪ್ಪುತ್ತದೆ ಎಂದು ಹೇಳಿ ನಗದವರೂ ಇಲ್ಲ. ವಯಸ್ಸು ನಲವತ್ತೆರಡು. ಈ ವಯಸ್ಸಿನವರು ಸೊಸೈಟಿ ಎಲೆಕ್ಷನ್ನಿಗೆ ನಿಲ್ಲುತ್ತಾರೆ, ಸೈಟು ಮಾಡುತ್ತಾರೆ. ನಾನು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡುತ್ತೇನೆ. ಅದೊಂದು ದೊಡ್ಡ ಊರು. ಅಲ್ಲಿ ಸಿಗ್ನಲ್ ಮುರಿದು, ನಾಲ್ಕು ಗಾಡಿಗೆ ಗುದ್ದಿ, ಪೊಲೀಸರು ಬೆನ್ನು ಹತ್ತಿದರೆ ತಪ್ಪಿಸಿಕೊಳ್ಳಬೇಕು. ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಖರೇ ರೋಡಿನ್ಯಾಗ ಮೂವತ್ತರ ಮ್ಯಾಲ ಹೋಗಂಗಿಲ್ಲ, ಇಲ್ಲಿ ನೋಡು ಶೂರತನ" ಎಂದು ಹೇಳಿ ಹೋಗುವಳು.

ಆಟದಲ್ಲಿ ನನಗೆ ಸರಿಬರದಿದ್ದದ್ದು ಒಂದೇ, ಆ ಸೈರನ್ನು. ಸಿನಿಮಾದವರ ಪರದೇಶಿ ಸೈರನ್ನು, ನುಣ್ಣಗೆ, ಎಣ್ಣೆ ಹಚ್ಚಿ ಬಾಚಿದ ತಲೆಯಂಥದ್ದು. ಅದನ್ನು ಕೇಳಿದರೆ ನನಗೆ ಎಳ್ಳಷ್ಟೂ ಹೆದರಿಕೆ ಆಗುತ್ತಿರಲಿಲ್ಲ. ಹೆದರಿಕೆ ಇಲ್ಲದ ಮೇಲೆ ಓಡುವುದೇಕೆ? ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನಗೆ ಕಸುಬು ಕಲಿಸಿದ ಖಾದರ್ ಸಾಬರು ಒಂದು ಮಾತು ಹೇಳುತ್ತಿದ್ದರು. "ಆವಾಜ್ ದೊಡ್ಡದಿದ್ರ ಏನಾತು ಬೇಟಾ, ಅದ್ರಾಗ ಇಮಾನ್ ಇರ್ಬೇಕು." ಆಟದೊಳಗಿನ ಸದ್ದಿನ ಫೈಲನ್ನು ತೆಗೆದು, ಅದೇ ಹೆಸರಿನಲ್ಲಿ ನಮ್ಮದನ್ನು ಇಟ್ಟರೆ ಆಟಕ್ಕೆ ಗೊತ್ತೇ ಆಗುವುದಿಲ್ಲವೆಂದು ಯಾವಾಗ ತಿಳಿಯಿತೋ, ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಇಮಾನ್, ಅಂದರೆ ಸಾಚಾತನ, ಇರುವ ಸೈರನ್ನು ಹಾಕಬೇಕು, ನಮ್ಮ ಬೀದಿಯದನ್ನೇ ಹಾಕಬೇಕು.

ನಮ್ಮ ಬೀದಿಯಲ್ಲಿ ದಿನಾ ಸಂಜೆ ಏಳರ ಸುಮಾರಿಗೆ ಒಂದು ಹಳೇ ಪೊಲೀಸ್ ಜೀಪು ಹಾದುಹೋಗುತ್ತಿತ್ತು. ಅದರ ಸೈರನ್ನು ಪೂರ್ತಿ ಮೇಲೇರುತ್ತಿರಲಿಲ್ಲ. ಮುಕ್ಕಾಲಿಗೆ ಏರಿ, ಒಂದು ಗಳಿಗೆ ಉಸಿರು ಕಟ್ಟಿ, ಆಮೇಲೆ ಮುದಿ ಮೇಕೆಯ ಹಾಗೆ ಅರಚುತ್ತ ಇಳಿಯುತ್ತಿತ್ತು. ಆ ಇಳಿತ ಕೇಳಿದರೆ ಸಾಕು, ಸಿರುಗುಪ್ಪದಿಂದ ಸಿರಿಗೇರಿಯವರೆಗೆ ಯಾವ ಗಂಡಸಾದರೂ ತಾನು ಏನೂ ಮಾಡಿಲ್ಲದಿದ್ದರೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾನೆ.

ಈ ಸೈರನ್ನಿಗೂ ನಮ್ಮವ್ವನಿಗೂ ಹಳೆಯ ನಂಟು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಿಂದೆ ಒಂದು ಹಾಳುಬಿದ್ದ ಗೋದಾಮಿತ್ತು. ಅಲ್ಲಿ ಮಧ್ಯಾಹ್ನವಿಡೀ ಇಸ್ಪೀಟು ನಡೆಯುತ್ತಿತ್ತು. ಪೊಲೀಸ್ ವ್ಯಾನಿನ ಸದ್ದು ದೂರದಲ್ಲಿ ಕೇಳಿದ್ದೇ ತಡ, ಆಡುವವರು ಹಿತ್ತಲ ಗೋಡೆ ಹಾರಿ ನಮ್ಮ ಅಡುಗೆಮನೆಗೆ ನುಗ್ಗುತ್ತಿದ್ದರು. ಅವ್ವ ಬೈಯುತ್ತಲೇ ತಾಟು ಹಾಕುವಳು. "ಬರ್ರಿ, ಊಟಕ್ಕ ಬರ್ರಿ, ಜಲ್ದಿ ಕುಂದರ್ರಿ." ಪೊಲೀಸರು ಬಾಗಿಲಿಗೆ ಬರುವ ಹೊತ್ತಿಗೆ ಐದು ಜನ ಸಾಲಾಗಿ ಕೂತು, ತಲೆ ಬಗ್ಗಿಸಿ ಅನ್ನ ಸಾರು ಕಲಸುತ್ತಿದ್ದರು. "ಯಾರಮ್ಮಾ ಇವ್ರು?" ಎಂದರೆ, "ನಮ್ಮ ತವರುಮನಿಯೋರ್ರಿ" ಎನ್ನುವಳು. ತಿಂಗಳಿಗೊಮ್ಮೆ ಮುಖ ಬದಲಾಗುವ ಆ ತವರನ್ನು ಅವರು ನಂಬಿದರೋ ಬಿಟ್ಟರೋ, ಉಣ್ಣುವವರನ್ನು ಮಾತ್ರ ಎಬ್ಬಿಸಿಕೊಂಡು ಹೋಗುತ್ತಿರಲಿಲ್ಲ. ಒಮ್ಮೆ ಸಾರಿನ ಪಾತ್ರೆಯಲ್ಲಿ ಇಸ್ಪೀಟಿನ ರಾಣಿ ತೇಲುತ್ತಿದ್ದದ್ದನ್ನು ನಾನೇ ಸೌಟಿನಿಂದ ತೆಗೆದಿದ್ದೇನೆ. ವ್ಯಾನು ಹೋದ ಮೇಲೆ ಅವ್ವನ ನಿಜವಾದ ದನಿ ಹೊರಬರುತ್ತಿತ್ತು. "ತಿಂದ ತಾಟು ತೊಳದಿಟ್ಟು ಹೋಗ್ರಿ, ನಿಮ್ಮ ಹೆಂಡ್ತೇರು ಬರಂಗಿಲ್ಲ ತೊಳ್ಯಾಕ."

ಗೋದಾಮು ಹೋಯಿತು, ಇಸ್ಪೀಟು ಮೊಬೈಲಿಗೆ ಬಂತು, ಅವ್ವನ ಚಾಳಿ ಮಾತ್ರ ಉಳಿಯಿತು. ಸೈರನ್ನು ಕೇಳಿದರೆ ಅವಳ ಬಾಯಿಂದ ತಾನಾಗಿ ಊಟದ ಕೂಗು ಬರುತ್ತಿತ್ತು. ಏಳು ಗಂಟೆಯ ಜೀಪೇ ನಮ್ಮ ಮನೆಯ ಊಟದ ಗಂಟೆ. ಈ ಕಥೆಗೆ ಅದೇ ಮುಳುವಾಯಿತು, ಅದೇ ಮದ್ದೂ ಆಯಿತು.

ಮಾಳಿಗೆಯ ಮೇಲೆ ಮೈಕು ನಿಲ್ಲಿಸಿ ಮೂರು ಸಂಜೆ ಕಾದೆ. ಮೊದಲ ದಿನ ಸರಿಯಾಗಿ ಸೈರನ್ನಿನ ಮೇಲೆಯೇ ಒಂದು ಬಸ್ಸು ಹಾರ್ನ್ ಹೊಡೆಯಿತು. ಎರಡನೆಯ ದಿನ ಪಕ್ಕದ ಮನೆಯ ಮಿಕ್ಸರು. ಮೂರನೆಯ ದಿನ ದೇವರೇ ಒಲಿದ ಹಾಗೆ ಬೀದಿ ಸುಮ್ಮನಿತ್ತು. ಜೀಪು ಬಂತು, ಏರಿತು, ಉಸಿರು ಕಟ್ಟಿತು, ಅರಚಿ ಇಳಿಯಿತು. ನಾನು ಮೈಮರೆತು ಕೂತಿದ್ದಾಗ ಕೆಳಗಿನಿಂದ ಅವ್ವ ಕೂಗಿದಳು. "ಎರ್ರೀ, ಊಟಕ್ಕ ಬಾರಲೇ, ಅನ್ನ ಆರಾಕತ್ತೈತಿ." ಸೈರನ್ನಿನ ಬಾಲಕ್ಕೇ ಗಂಟು ಹಾಕಿದ ಹಾಗೆ ಆ ಕೂಗು ಅಂಟಿಕೊಂಡಿತು.

ಸಿಟ್ಟು ನೆತ್ತಿಗೇರಿತು. ಕೆಳಗಿಳಿದು ಹೋಗಿ, "ಯವ್ವಾ, ಒಂದ ನಿಮಿಷ ಬಾಯಿ ಮುಚ್ಚಿಕ್ಯಂಡಿರಾಕ ಬರಂಗಿಲ್ಲೇನು ನಿನಗ? ಎಲ್ಲಾ ಕೆಡಿಸಿದಿ" ಎಂದುಬಿಟ್ಟೆ. ಅವ್ವ ಸೌಟು ಹಿಡಿದು ನಿಂತಿದ್ದಳು. "ಅನ್ನ ಆರಿದ್ರ ಬಾಯಿ ತೆರಿಬೇಕಾಕ್ಕತಪ್ಪಾ" ಎಂದಷ್ಟೇ ಹೇಳಿ ಬಡಿಸಿದಳು. ನಾನು ಉಂಡು ಮತ್ತೆ ಮಾಳಿಗೆ ಹತ್ತಿದೆ. ಆ ಮಾತು ನನ್ನ ಬಾಯಿಂದ ಬಂದದ್ದು ಹೌದು, ಇಲ್ಲಿ ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಹದಿನೈದು ದಿನ ಕಂಪ್ಯೂಟರಿನಲ್ಲಿ ಅವ್ವನ ದನಿಯನ್ನು ಕತ್ತರಿಸುತ್ತ ಕೂತೆ. ಪರದೆಯ ಮೇಲೆ ಸೈರನ್ನು ಗುಡ್ಡದ ಸಾಲಿನ ಹಾಗೆ, ಕೊನೆಗೆ ಅವ್ವನ ಕೂಗು ಅದಕ್ಕಿಂತ ಎತ್ತರದ ಇನ್ನೊಂದು ಗುಡ್ಡ. ಕೆರೆದು ಕೆರೆದು ನೆಲಸಮ ಮಾಡಿ, ತೊಳೆದ ಫೈಲನ್ನು ಆಟಕ್ಕೆ ಹಾಕಿದೆ. ಇಂಟರ್‌ನೆಟ್ಟಿನಲ್ಲೂ ಹಂಚಿದೆ. ಯಾರ್ಯಾರೋ ಹೊಗಳಿದರು, ನಾನು ಎರಡು ದಿನ ಎದೆಯುಬ್ಬಿಸಿ ತಿರುಗಿದೆ. ತೊಳೆಯದ ಮೂಲ ಫೈಲು ಮಾತ್ರ ಪೆನ್‌ಡ್ರೈವಿನಲ್ಲೇ ಉಳಿಯಿತು. ಅದೇ ಪೆನ್‌ಡ್ರೈವು ವ್ಯಾನಿನಲ್ಲಿ, ಪ್ರಚಾರದ ಪ್ಲೇಯರಿಗೆ ಸಿಕ್ಕಿಸಿಕೊಂಡಿತ್ತು.

ತಿಂಗಳಾಗಿರಬೇಕು. ಬೆಳಗ್ಗೆ ಐದೂವರೆಗೆ ಶಾಂತಾ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಅವ್ವ ಬಚ್ಚಲ ಬಾಗಿಲಿಗೆ ಒರಗಿ ಕೂತಿದ್ದಳು, ರವಿಕೆ ಪೂರ್ತಿ ತೊಯ್ದಿತ್ತು. "ಎದಿ ಮ್ಯಾಲ ಒಳ್ಳುಕಲ್ಲು ಇಟ್ಟಂಗ ಆಗೇತಿ" ಎಂದಳು. ಪಕ್ಕದ ಬೀದಿಯ ಡಾಕ್ಟರು ಲುಂಗಿಯಲ್ಲೇ ಬಂದು ನೋಡಿ, ಒಂದು ಗುಳಿಗೆ ನಾಲಿಗೆಯ ಕೆಳಗಿಟ್ಟು, ನನ್ನನ್ನು ಹೊರಗೆ ಕರೆದರು. "ಹಾರ್ಟಿಂದೈತಿ. ಬಳ್ಳಾರಿಗೆ ಹೋಗ್ರಿ. ಒಂದೂವರಿ ತಾಸಿನ್ಯಾಗ ಮುಟ್ಟಬೇಕು, ತಡ ಮಾಡಿದ್ರ ನಾ ಏನೂ ಹೇಳಾಕ ಬರಂಗಿಲ್ಲ." ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಅದು ಇನ್ನೊಂದು ಕೇಸಿಗೆ ಹೋಗಿತ್ತು. ವ್ಯಾನಿನ ಹಿಂದಿನಿಂದ ಬಾಕ್ಸು, ವಯರುಗಳನ್ನೆಲ್ಲ ಬೀದಿಗೆ ಎಸೆದು ಹಾಸಿಗೆ ಹಾಕಿದೆವು. ಶಾಂತಾ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಮುಖ್ಯ ರಸ್ತೆಯಲ್ಲಿ ಒಂದು ಸೇತುವೆ ಕಿತ್ತಿಟ್ಟಿದ್ದರಿಂದ ಲಾರಿಗಳು ಮೈಲುಗಟ್ಟಲೆ ನಿಲ್ಲುತ್ತಿದ್ದವು. ಆದ್ದರಿಂದ ಸಿರಿಗೇರಿ, ಕುರುಗೋಡು, ಕೊಳಗಲ್ಲು ಮೇಲೆ ಬಳ್ಳಾರಿ ಸೇರುವ ಒಳದಾರಿ ಹಿಡಿದೆ. ಸಿರಿಗೇರಿ ದಾಟುವಾಗ ಗಂಟೆ ಆರೂಕಾಲು. ಅಲ್ಲಿಯವರೆಗೆ ಅವ್ವ ಮಾತಾಡುತ್ತಿದ್ದಳು. "ಹಾಲು ಕಾಸಿಲ್ಲಲೇ, ಒಡದು ಹೋಕ್ಕತಿ" ಎಂದು ಒಂದು ಸಲ. "ಬಾಗಲ ಹಾಕೀರೇನು?" ಎಂದು ಇನ್ನೊಂದು ಸಲ. ಅದಾದ ಮೇಲೆ ಸುಮ್ಮನಾದಳು. ಕನ್ನಡಿಯಲ್ಲಿ ನೋಡಿದೆ. ಶಾಂತಾ ಜೋರಾಗಿ ಹೋಗು ಎನ್ನುವಂತೆ ಗದ್ದ ಎತ್ತಿದಳು.

ಮುಂದೆ ಒಂದು ಮರಳಿನ ಟ್ರ್ಯಾಕ್ಟರು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಭತ್ತದ ಗದ್ದೆ, ನಡುವೆ ಅದೊಂದೇ ಹೋಗುವಷ್ಟು ರಸ್ತೆ. ಟ್ರ್ಯಾಕ್ಟರಿನ ಟೇಪು ಕಿವಿ ಕಿತ್ತುಹೋಗುವಂತೆ ಹಾಡುತ್ತಿತ್ತು. ಹಾರ್ನ್ ಹೊಡೆದೆ, ಲೈಟು ಹಾಕಿ ತೆಗೆದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದೆ. ಡ್ರೈವರಿಗೆ ಲಕ್ಷ್ಯವೇ ಇಲ್ಲ. ಆಗ ನನ್ನ ತಲೆಯಲ್ಲಿ ಆ ಬುದ್ಧಿ ಹೊಳೆಯಿತು. ಖಾಸಗಿ ಗಾಡಿಗೆ ಪೊಲೀಸ್ ಸೈರನ್ನು ಹಾಕುವುದು ತಪ್ಪೆಂದು ನನಗೆ ಚೆನ್ನಾಗಿ ಗೊತ್ತು, ಸದ್ದಿನ ಕಸುಬಿನವನಿಗೆ ಗೊತ್ತಿಲ್ಲದಿರುತ್ತದೆಯೇ? ಆದರೂ ಕೈ ಪ್ಲೇಯರಿನ ಗುಂಡಿ ಒತ್ತಿತು. ಮೇಲಿನ ಎರಡೂ ಹಾರ್ನುಗಳಿಂದ ನಮ್ಮ ಬೀದಿಯ ಜೀಪು ಮುಕ್ಕಾಲಿಗೆ ಏರಿ, ಉಸಿರು ಕಟ್ಟಿತು.

ಆಂಬುಲೆನ್ಸಿನ ಸದ್ದಿಗೆ ನಮ್ಮ ಜನ ದಾರಿ ಬಿಡುತ್ತಾರೆ. ಪೊಲೀಸ್ ಸದ್ದಿಗೆ ಕಳ್ಳ ಮರಳಿನವರು ಏನು ಮಾಡುತ್ತಾರೆ ಎಂಬುದು ಆ ಆತುರದಲ್ಲಿ ನನಗೆ ಮರೆತೇ ಹೋಗಿತ್ತು. ಅವರಲ್ಲಿ ಒಂದು ಪಾಠವಿದೆ. ಗಾಡಿ ರಸ್ತೆಗೆ ಅಡ್ಡ ಹಾಕು, ಕೀಲಿ ಕಿತ್ತುಕೋ, ಓಡು. ಟ್ರ್ಯಾಕ್ಟರಿನ ಡ್ರೈವರು ಹಿಂದೆ ತಿರುಗಿ ಕೂಡ ನೋಡಲಿಲ್ಲ. ಕಾಲುವೆಯ ಚಿಕ್ಕ ಸೇತುವೆಯ ಮೇಲೆ ಗಾಡಿಯನ್ನು ನೀಟಾಗಿ ಅಡ್ಡ ನಿಲ್ಲಿಸಿ, ಕೀಲಿ ಕಿತ್ತು, ಗದ್ದೆಗೆ ಹಾರಿ ಭತ್ತದಲ್ಲಿ ಮುಳುಗಿಬಿಟ್ಟ. ಹಾಡು ನಿಂತಿತು. ದಾರಿ ಬಿಡಿಸಲೆಂದು ಹಾಕಿದ ಸೈರನ್ನು ದಾರಿಯನ್ನೇ ಮುಚ್ಚಿತು. ಹಿಂದಕ್ಕೆ ಹೋಗೋಣವೆಂದರೆ ವ್ಯಾನು ತಿರುಗಿಸಲು ಜಾಗವಿಲ್ಲ.

ಇಳಿದು ಓಡಿದೆ. "ಅಣ್ಣಾ, ಬಾರಪಾ, ನಾವು ಪೊಲೀಸ್ರಲ್ಲ" ಎಂದು ಕೂಗಿದೆ. ಪೊಲೀಸರೂ ಅದನ್ನೇ ಹೇಳುತ್ತಾರೆ ಎಂಬುದು ಆಮೇಲೆ ಹೊಳೆಯಿತು. ಗಾಬರಿಯಲ್ಲಿ ಪ್ಲೇಯರು ಆರಿಸುವುದನ್ನು ಮರೆತಿದ್ದೆ, ಸೈರನ್ನು ನನ್ನ ಮಾತಿನ ಮೇಲೆಯೇ ಬೊಬ್ಬೆ ಹೊಡೆಯುತ್ತಿತ್ತು. ಎಷ್ಟು ದೂರ ಕಣ್ಣು ಹಾಯಿಸಿದರೂ ಸೊಂಟದೆತ್ತರದ ಪೈರು, ಒಂದು ತೆನೆಯೂ ಅಲುಗದು. ಆ ಫೈಲಿನ ಮೇಲೆ ನಾನು ಎಷ್ಟು ಕೆಲಸ ಮಾಡಿದ್ದೆ, ಎಷ್ಟು ಬೀಗಿದ್ದೆ. ಪರದೇಶದ ನುಣ್ಣನೆಯ ಸೈರನ್ನು ಹಾಕಿದ್ದರೆ ಅವನು ನಕ್ಕು ಪಕ್ಕಕ್ಕೆ ಸರಿಯುತ್ತಿದ್ದ. ನನ್ನ ಸದ್ದಿನಲ್ಲಿ ಇಮಾನ್ ಇತ್ತು, ಅದಕ್ಕೇ ಅವನು ಓಡಿದ. ನನ್ನವ್ವನನ್ನು ನಾನೇ ಕೊಂದೆ ಎಂದುಕೊಂಡೆ. ಗದ್ದೆಯ ಬದುವಿನ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಸೈರನ್ನು ಅರಚುತ್ತ ಇಳಿಯಿತು. ಅದರ ಬಾಲದಲ್ಲೇ ವ್ಯಾನಿನ ತಲೆಯ ಮೇಲಿಂದ ಇಡೀ ಬಯಲಿಗೆ ಕೇಳುವಂತೆ ಅವ್ವ ಕೂಗಿದಳು.

"ಎರ್ರೀ, ಊಟಕ್ಕ ಬಾರಲೇ, ಅನ್ನ ಆರಾಕತ್ತೈತಿ."

ಗಟ್ಟಿಮುಟ್ಟಾದ, ಹೊಟ್ಟೆಯೊಳಗಿಂದ ಬಂದ ದನಿ. ಅದೇ ದನಿಯ ಹೆಂಗಸು ಒಳಗೆ ಕಣ್ಣು ಮುಚ್ಚಿ, ತುಟಿ ಒಣಗಿಸಿಕೊಂಡು ಮಲಗಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಗಂಡಸು, ನಲವತ್ತೆರಡು ವರ್ಷದವನು, ರಸ್ತೆಯ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅನೌನ್ಸ್‌ಮೆಂಟಿನ ಪ್ಲೇಯರಿಗೆ ಒಂದೇ ಫೈಲನ್ನು ತಿರುತಿರುಗಿ ಹಾಡುವುದೇ ಕೆಲಸ. ಮತ್ತೆ ಸೈರನ್ನು ಏರಿತು, ಇಳಿಯಿತು, ಮತ್ತೆ ಅವ್ವ ಊಟಕ್ಕೆ ಕರೆದಳು.

ಎರಡನೆಯ ಕೂಗಿಗೆ ಇಪ್ಪತ್ತು ಮಾರು ದೂರದಲ್ಲಿ ಭತ್ತ ಅಲುಗಿತು. ಒಂದು ತಲೆ ಮೇಲೆ ಬಂತು. ಮೂವತ್ತರ ಆಸುಪಾಸಿನ ಗಂಡಸು, ಎದೆಯವರೆಗೆ ಕೆಸರು, ಹಲ್ಲಿನಲ್ಲಿ ಕೀಲಿ ಕಚ್ಚಿಕೊಂಡಿದ್ದ. ಅದನ್ನು ತೆಗೆದು, ಇನ್ನೂ ಪೂರ್ತಿ ನಂಬಿಕೆಯಿಲ್ಲದೆ ಕೇಳಿದ.

"ಪೊಲೀಸ್ ಗಾಡ್ಯಾಗ ಊಟಕ್ಕ ಯಾರ್ರಿ ಕರಿಯೋರು?"

"ನಮ್ಮವ್ವಪ್ಪಾ. ಒಳಗದಾಳ. ಎದಿ ನೋವು, ಬಳ್ಳಾರಿಗೆ ಒಯ್ಯಾಕತ್ತೀನಿ. ಕಾಲು ಬೀಳ್ತೀನಿ, ಗಾಡಿ ತಗಿ."

ಅವನು ಕಾಲು ಬೀಳುವವರೆಗೆ ಕಾಯಲಿಲ್ಲ. ಬಂದು ವ್ಯಾನಿನೊಳಗೆ ಒಮ್ಮೆ ಇಣುಕಿ, "ಯಪ್ಪಾ" ಎಂದು ಓಡಿದ. ಟ್ರ್ಯಾಕ್ಟರನ್ನು ಸೇತುವೆ ದಾಟಿಸಿ, ಒಂದು ಗಾಲಿ ಗದ್ದೆಗಿಳಿಯುವಂತೆ ಪಕ್ಕಕ್ಕೆ ಹಾಕಿದ. ನಾನು ಹತ್ತಿರ ಬಂದಾಗ ಕೈ ಅಡ್ಡ ಹಿಡಿದ. "ಅಣ್ಣಾ, ಆ ಸೈರನ್ ಮಾತ್ರ ಹಾಕಬ್ಯಾಡ್ರಿ. ಕುರುಗೋಡು ತನಕ ನಮ್ಮೋರ ಗಾಡಿ ಏಳೆಂಟು ಅದಾವು. ಎಲ್ಲಾರೂ ಅಡ್ಡ ಬಿಟ್ಟು ಓಡ್ತಾರ. ನಾ ಫೋನ್ ಮಾಡ್ತೀನಿ, ನೀವು ಹೋಗ್ರಿ."

ಪೊಲೀಸರು ಬಂದರೆ ಒಬ್ಬರಿಗೊಬ್ಬರು ತಿಳಿಸಲೆಂದು ಅವರು ಇಟ್ಟುಕೊಂಡ ಫೋನುಗಳು ಆ ಬೆಳಗ್ಗೆ ನಮ್ಮವ್ವನಿಗಾಗಿ ರಿಂಗಣಿಸಿದವು. ಕುರುಗೋಡಿನವರೆಗೆ ಒಂದೊಂದು ಟ್ರ್ಯಾಕ್ಟರೂ ಶಾಲೆಯ ಮಕ್ಕಳ ಹಾಗೆ ಎಡಕ್ಕೆ ನಿಂತಿತ್ತು. ಡ್ರೈವರುಗಳು ಇಳಿದು ನಿಂತು, ಹೋಗ್ರಿ ಹೋಗ್ರಿ ಎಂದು ಕೈ ಬೀಸುತ್ತಿದ್ದರು. ಮಾಡುವ ಧಂದೆ ಸರಿಯಲ್ಲ, ಅದು ಅವರಿಗೂ ಗೊತ್ತು. ಆದರೂ ಅವತ್ತಿನಿಂದ ನನಗೆ ಅವರ ಬಗ್ಗೆ ಗಟ್ಟಿಯಾಗಿ ಮಾತಾಡಲು ಬಾಯಿ ಬರುವುದಿಲ್ಲ. ಕೊಳಗಲ್ಲು ದಾಟಿದ್ದು, ಬಳ್ಳಾರಿ ಸೇರಿದ್ದು ನನಗೆ ಸರಿಯಾಗಿ ನೆನಪಿಲ್ಲ. ಆಸ್ಪತ್ರೆಯ ಗಡಿಯಾರ ಏಳು ಗಂಟೆ ಐದು ನಿಮಿಷ ತೋರಿಸುತ್ತಿದ್ದದ್ದು ನೆನಪಿದೆ. ಸ್ಟ್ರೆಚರಿನ ಒಂದು ಗಾಲಿ ಕಿರಕಿರ ಎನ್ನುತ್ತಿದ್ದದ್ದು ನೆನಪಿದೆ.

ಎರಡು ದಿನ ಗಾಜಿನ ಆಚೆಯಿಂದ ನೋಡಿದೆವು. ಮೂರನೆಯ ದಿನ ಒಳಗೆ ಬಿಟ್ಟರು. ಅವ್ವ ನನ್ನನ್ನು ಹತ್ತಿರ ಕರೆದು, ಶಾಂತಾಗೆ ಕೇಳಿಸದ ಹಾಗೆ ಹೇಳಿದಳು. "ಎರ್ರೀ, ನಾ ಅವತ್ತು ಸತ್ತೇ ಹೋಗಿದ್ನೆಪ್ಪಾ. ನನ್ನ ದನಿ ನನಗ ಮ್ಯಾಲಿಂದ ಕೇಳಿಸ್ತು. ಓಹೋ ಜೀವ ಮ್ಯಾಲ ಹೋತು, ಅಲ್ಲಿಂದಾನೂ ಇವನ್ನ ಊಟಕ್ಕ ಕರಿಯಾದು ತಪ್ಪಲಿಲ್ಲಲ್ಲ ಅನ್ಕಂಡೆ." ನಾನು ಹಾರ್ನು, ಪೆನ್‌ಡ್ರೈವು, ಟ್ರ್ಯಾಕ್ಟರು ಎಲ್ಲ ಹೇಳಿದೆ. ಕೇಳಿದವಳೇ, "ಬಾಯಿ ಮುಚ್ಚಿಕ್ಯಂಡಿರು ಅಂದಿದ್ದಿ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ನಕ್ಕಳು, ಆಮೇಲೆ ಎದೆ ಹಿಡಿದುಕೊಂಡಳು. ನರ್ಸಮ್ಮ ನನ್ನನ್ನು ಹೊರಗೆ ಕಳಿಸಿದಳು.

ಪೆನ್‌ಡ್ರೈವನ್ನು ವ್ಯಾನಿನಿಂದ ಕಿತ್ತು ಬೀರುವಿನಲ್ಲಿ ಅವ್ವನ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೇನೆ. ಆಟ ಆಡುವುದು ಕಡಿಮೆಯಾಗಿದೆ. ಆಡಿದರೂ ಸೈರನ್ನು ಕೇಳಿದೊಡನೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಡುತ್ತೇನೆ, ಪೊಲೀಸರು ಬಂದು ಹಿಡಿಯುತ್ತಾರೆ, ಆಟ ಮುಗಿಯುತ್ತದೆ.

ನಿನ್ನೆ ಆ ತಲೆಬುರುಡೆಯವನಿಗೆ ಇಷ್ಟೆಲ್ಲ ಬರೆಯುವುದು ಹೇಗೆ? ಬಹಳ ಹೊತ್ತು ಯೋಚಿಸಿ ಎರಡೇ ಸಾಲು ಬರೆದೆ. "ಅದು ನನ್ನ ತಾಯಿ. ಅನ್ನ ಆರುತ್ತಿದೆ, ಬಾ ಅನ್ನುತ್ತಿದ್ದಾಳೆ." ಕಳಿಸಬೇಕೋ ಬೇಡವೋ ಎನ್ನುವಷ್ಟರಲ್ಲಿ ಏಳು ಗಂಟೆಯಾಯಿತು. ಬೀದಿಯಲ್ಲಿ ಜೀಪು ಹಾದುಹೋಯಿತು. ಬೆನ್ನಿಗೇ ಕೆಳಗಿನಿಂದ ಅವ್ವ ಕೂಗಿದಳು.

ನನ್ನ ಕಸುಬು ಕಿವಿಯದು. ಯಾರೂ ಹೇಳದೆಯೂ ನನಗೆ ಗೊತ್ತಾಗುತ್ತದೆ. ಅವಳ ದನಿ ಈಗ ಮೊದಲಿನ ಅರ್ಧವಿಲ್ಲ. ಪರದೆಯ ಮೇಲೆ ಇಟ್ಟರೆ ಗುಡ್ಡವಾಗಿ ಏಳುವುದಿಲ್ಲ, ಒಂದು ಬದುವಾದರೆ ಹೆಚ್ಚು. ಮೊದಲೆಲ್ಲ ನಾನು ಮೂರನೆಯ ಕೂಗಿಗೆ ಏಳುವವನು. ಈಗ ಎರಡನೆಯ ಕೂಗಿಗೆ ಅವಳು ಎಷ್ಟು ಉಸಿರು ಕೂಡಿಸಿಕೊಳ್ಳಬೇಕೆಂದು ನನಗೆ ಕೇಳಿಸುತ್ತದೆ.

ಸಂದೇಶ ಕಳಿಸಿ, ಕಂಪ್ಯೂಟರು ಹಾಗೇ ಬಿಟ್ಟು ಇಳಿದು ಹೋದೆ. ತಾಟಿನ ಮುಂದೆ ಕೂತೆ. ಅವ್ವ ಸೌಟು ಹಿಡಿದು ನನ್ನನ್ನೇ ಅನುಮಾನದಿಂದ ನೋಡಿದಳು.

"ಏನಲೇ, ಒಂದ ಕೂಗಿಗೆ ಬಂದೀದಿ. ಮೈಯಾಗ ಆರಾಮ ಐತಿಲ್ಲೋ?"

"ಐತಬೇ," ಎಂದೆ. "ನೀಡು."

ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.